ತಕರಾರು ಇಲ್ರೀ, ಡಾಕ್ಟ್ರೇ!

ಕುವೈತಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ಅರಬ್ಬಿ ಕಿವಿಗೆ ಬಿದ್ದಾಗ ಒಂದು ಧೈರ್ಯ ಬರುತ್ತದೆ. ಕುರ್ಸಿ, ಸಾಬೂನ್, ಹಿಸಾಬ್... ಅರೆ, ಎಲ್ಲ ನಮ್ಮವೇ! ನನಗೂ ಹಾಗೇ ಅನ್ನಿಸಿತ್ತು, ಆ ರೋಗಿ ಬರುವವರೆಗೆ.

ರಾಯಚೂರು ಕಡೆಯ ಡ್ರೈವರ್. ಎದೆನೋವೆಂದು ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿನ ವೈದ್ಯರು ಅವರ ಎದೆ ತೋರಿಸಿ "ಫೀ ತಕ್ರಾರ್?" ಎಂದು ಕೇಳಿದರಂತೆ. ಇವರು "ಲಾ, ಲಾ" ಎಂದು ಕೈಯಾಡಿಸಿದರು. ಮಾತ್ರೆ ಕೊಟ್ಟು ಕಳಿಸಿದರು. ಮರುದಿನ ನನ್ನೆದುರು ಕೂತು, "ನಾ ಯಾರ ಕೂಡಾನೂ ತಕರಾರು ಮಾಡಿಲ್ರೀ, ಜಗಳದಾಗ ಏಟು ಬಿದ್ದೈತೇನು ಅಂತ ಕೇಳಾಕತ್ತಾರ ಅನ್ಕೊಂಡೆ" ಎಂದರು. ವೈದ್ಯರು ಕೇಳಿದ್ದು, ನೋವು ಮತ್ತೆ ಮತ್ತೆ ಬರುತ್ತದೆಯೇ ಎಂದು. ಬರುತ್ತಿತ್ತು, ಮೂರು ದಿನಗಳಿಂದ, ಮೆಟ್ಟಿಲು ಹತ್ತಿದಾಗಲೆಲ್ಲ! ಇಸಿಜಿ ನೋಡಿದವನೇ ದೊಡ್ಡಾಸ್ಪತ್ರೆಗೆ ಕಳಿಸಿದೆ. ಸ್ಟೆಂಟ್ ಹಾಕಿಸಿಕೊಂಡು ಈಗ ಆರಾಮಾಗಿದ್ದಾರೆ. ಭಾಷೆ ಅರ್ಧಂಬರ್ಧ ತಿಳಿದಿದ್ದರೆ ದಯವಿಟ್ಟು ಜೊತೆಗೊಬ್ಬರನ್ನು ಕರೆದುಕೊಂಡೇ ವೈದ್ಯರ ಬಳಿ ಹೋಗಿ.

ಅರಬ್ಬಿಯಲ್ಲಿ ತಕ್ರಾರ್ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತಿದ್ದರೆ ಜಗಳವಾಗದೆ ಇನ್ನೇನು? ಈ ಪದಗಳು ನಮಗೆ ಹೆಚ್ಚಾಗಿ ಅರಬ್ಬರಿಂದ ನೇರವಾಗಿ ಬಂದವಲ್ಲ. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು; ಆಮೇಲೆ 1686ರವರೆಗೆ ಬಿಜಾಪುರದ ಆದಿಲಶಾಹಿಗಳು. ಪರ್ಷಿಯನ್, ದಖನಿಗಳ ಬಾಯಿ ದಾಟಿ ಬರುವಾಗ ಅರ್ಥ ಹೊರಳಿತು. ನಮ್ಮ 'ಜಿಲ್ಲೆ'ಯ ಮೂಲ ಅರಬ್ಬಿಯ 'ದಿಲ್ಅ್', ಅಂದರೆ ಪಕ್ಕೆಲುಬು! ಪಕ್ಕೆಲುಬಿನಿಂದ ಪಕ್ಕ, ಪಕ್ಕದಿಂದ ನಾಡಿನ ಒಂದು ಭಾಗ. ಕನ್ನಡದಲ್ಲೂ ಪಕ್ಕ, ಪಕ್ಕೆ ಅಕ್ಕತಂಗಿಯರಲ್ಲವೇ? ಇಲ್ಲಿನ ಸಚಿವಾಲಯದ 'ವಕೀಲ್' ಅಧೀನ ಕಾರ್ಯದರ್ಶಿ. ಕೋರ್ಟಿನ ವಕೀಲರು 'ಮುಹಾಮಿ'.

ನನಗೆ ಬಲು ಇಷ್ಟವಾದದ್ದು 'ಗಲೀಜು'. ಅರಬ್ಬಿಯಲ್ಲಿ ಅದಕ್ಕೆ ದಪ್ಪ, ಒರಟು ಎಂದರ್ಥ. ದೊಡ್ಡ ಕರುಳಿಗೆ ಅರಬ್ಬಿ ವೈದ್ಯಶಾಸ್ತ್ರದ ಹೆಸರೇ 'ಅಮ್ಆ ಗಲೀಜಾ'. ಕುವೈತಿಗಳ ಉಚ್ಚಾರ ಬೇರೆ, ಈಜಿಪ್ಟಿನವರ ಬಾಯಲ್ಲಿ ಮಾತ್ರ ಸಾಕ್ಷಾತ್ ಗಲೀಜೇ. ಮಗನ ಮನೆಗೆ ಬಂದಿದ್ದ ಒಬ್ಬ ಅಜ್ಜಿ ಸ್ಕ್ಯಾನ್ ಮಾಡಿಸಿಕೊಂಡು ಬಂದು ಕಣ್ಣೀರು ಹಾಕಿದರು: "ದಿನಾ ಮಡಿಯಲ್ಲಿ ಅಡಿಗೆ ಮಾಡೋಳು ನಾನು. ನನ್ನ ಕರುಳು ಗಲೀಜು ಅಂದುಬಿಟ್ಟರಲ್ಲಪ್ಪಾ!"

ನಗು ತಡೆದುಕೊಂಡು ರಿಪೋರ್ಟ್ ತೆರೆದೆ. "ಗಲೀಜಲ್ಲಮ್ಮಾ, ದೊಡ್ಡದು ಅಂದದ್ದು. ಎಲ್ಲರದ್ದೂ ದೊಡ್ಡದೇ."