ಪದ್ಯ ಸಿಕ್ಕಿತು, ದನಿ ಸಿಗಬೇಕು

ಆಯ್ದಕ್ಕಿ ಲಕ್ಕಮ್ಮನ ವಚನವನ್ನು ನಾಳೆ ತರಗತಿಯಲ್ಲಿ ಪಾಠ ಮಾಡಬೇಕಾದ ಹಳ್ಳಿಯ ಮೇಷ್ಟ್ರಿಗೆ ಇಪ್ಪತ್ತು ವರ್ಷದ ಹಿಂದೆ ಏನಿತ್ತು? ಪಠ್ಯಪುಸ್ತಕದಲ್ಲಿದ್ದ ಆ ಒಂದು ವಚನ, ಜೊತೆಗೊಂದು ಗೈಡು. ಇವತ್ತು ಅವರು ಮೊಬೈಲಿನಲ್ಲಿ ‘ವಚನ ಸಂಚಯ’ ತೆರೆದರೆ ಲಕ್ಕಮ್ಮನ ಉಳಿದ ವಚನಗಳೂ ಸಿಗುತ್ತವೆ, ಗಂಡ ಮಾರಯ್ಯನವೂ ಸಿಗುತ್ತವೆ. ಸರ್ಕಾರ 15 ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಾಹಿತ್ಯದ ವಿಸ್ತಾರ ಎಷ್ಟೆಂಬುದು ಗ್ರಂಥಾಲಯದಲ್ಲಿ ಅದರ ಸಾಲು ನೋಡಿದವರಿಗೆ ಗೊತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡಿದ್ದು ಓ.ಎಲ್. ನಾಗಭೂಷಣಸ್ವಾಮಿಯವರಂಥ ವಿದ್ವಾಂಸರು ಮತ್ತು ಕಂಪ್ಯೂಟರ್ ಬಲ್ಲ ಕೆಲವು ಗೆಳೆಯರು ಸೇರಿದ ಒಂದು ಪುಟ್ಟ ತಂಡ. ದಾಸ ಸಾಹಿತ್ಯಕ್ಕೂ ಸರ್ವಜ್ಞನಿಗೂ ಇದೇ ಬಗೆಯ ‘ಸಂಚಯ’ಗಳಿವೆ.

ಕನ್ನಡ ಕಾವ್ಯಕ್ಕೆ ಅಂತರ್ಜಾಲದಿಂದ ಆಗಿರುವ ದೊಡ್ಡ ಉಪಕಾರ ಇದು ಎಂದು ನನ್ನ ನಂಬಿಕೆ. ಓದುವ ಕ್ರಮವೇ ಇದರಿಂದ ಬದಲಾಗುತ್ತದೆ. ‘ಕಾಯಕ’ ಎಂದು ಟೈಪು ಮಾಡಿದರೆ ಆ ಪದ ಯಾರ ಯಾರ ವಚನಗಳಲ್ಲಿದೆ ಎಂಬುದು ತೆರೆಯ ಮೇಲೆ ಬರುತ್ತದೆ. ಮಕ್ಕಳಿಗೇ ಪದ ಆರಿಸಲು ಹೇಳಿ ನೋಡಿ. ದೋಣಿ ಎನ್ನಲಿ, ಹಗ್ಗ ಎನ್ನಲಿ, ಮಡಿ ಎನ್ನಲಿ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ ಬರೀ ಹೆಸರುಗಳಾಗಿ ಉಳಿಯದೆ, ತಮ್ಮ ಕಸುಬಿನ ಮಾತಿನಲ್ಲೇ ದೇವರನ್ನೂ ಸಮಾಜವನ್ನೂ ಕೆಣಕಿದ ಮನುಷ್ಯರಾಗಿ ಕಾಣತೊಡಗುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಸವಣ್ಣನ ಹೆಸರು ಹೊತ್ತು ಓಡಾಡುವ ಸಾಲುಗಳನ್ನು ಪರೀಕ್ಷಿಸುವುದಕ್ಕೂ ಇದೇ ದಾರಿ. ಹಾಗೆಯೇ ‘ಮಂಕುತಿಮ್ಮನ ಕಗ್ಗ’ದಲ್ಲಿರುವುದು 945 ಪದ್ಯ. ಕೊನೆಯಲ್ಲಿ ‘ಮಂಕುತಿಮ್ಮ’ ಎಂದಿದ್ದ ಮಾತ್ರಕ್ಕೆ ಅದು ಡಿ.ವಿ.ಜಿ.ಯವರದ್ದಾಗುವುದಿಲ್ಲ. ಫಾರ್ವರ್ಡ್ ಮಾಡುವ ಮೊದಲು ಕಗ್ಗದಲ್ಲಿ ಹುಡುಕಲು ಒಂದು ನಿಮಿಷ ಸಾಕು.

ಹುಡುಕಾಟ ಕೈಕೊಡುವುದೂ ಉಂಟು. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಅಚ್ಚಿಗೆಂದು ಟೈಪಾದ ಎಷ್ಟೋ ಕವನ ಸಂಕಲನಗಳು ಪಿಡಿಎಫ್‌ನಲ್ಲಿ ಕಣ್ಣಿಗೆ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಪಂಪ–ರನ್ನರ ಓದಿಗೆ ಇನ್ನೊಂದು ತೊಡಕಿದೆ. ಹಳಗನ್ನಡದ ೞ, ಱ ಎರಡಕ್ಕೂ ಯೂನಿಕೋಡ್‌ನಲ್ಲಿ ಜಾಗವಿದೆ. ಆದರೆ ಬೆರಳಚ್ಚು ಮಾಡುವವರು ಅವುಗಳ ಬದಲು ಳ, ರ ಹಾಕಿಬಿಟ್ಟರೆ ಕಾವ್ಯದ ಪದ ಒಂದಾಗಿರುತ್ತದೆ, ಕಂಪ್ಯೂಟರಿಗೆ ಸಿಗುವ ಪದ ಇನ್ನೊಂದಾಗಿರುತ್ತದೆ. ಅರ್ಥಕ್ಕೆ ಮಾತ್ರ ಈಗ ಮೊದಲಿನಷ್ಟು ಪರದಾಟವಿಲ್ಲ. ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಒಬ್ಬ ವ್ಯಕ್ತಿಯ ಜೀವಮಾನದ ಕೆಲಸ ಹೀಗೆ ಉಚಿತವಾಗಿ ನಮ್ಮ ಕೈಗೆ ಬಂದಿದೆ ಎಂಬುದನ್ನು ಅದನ್ನು ಬಳಸುವವರೆಲ್ಲ ತಿಳಿದಿರಬೇಕು.

ಅಕ್ಷರದ ಮಟ್ಟಿಗೆ ಇಷ್ಟಾಯಿತು. ದನಿಯ ಕಥೆ ಬೇರೆ.

ಕನ್ನಡದ ಕಾವ್ಯ ಬಹುಕಾಲ ಕಿವಿಯ ಕಾವ್ಯವಾಗಿಯೇ ಬದುಕಿತು. ಕುಮಾರವ್ಯಾಸನನ್ನು ಓದಿದವರಿಗಿಂತ ಕೇಳಿದವರೇ ಹೆಚ್ಚು. ಅವನ ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದರ ಹಿಂದೊಂದು ಬರುತ್ತವೆ. ನಾಲ್ಕು ಸಾಲುಗಳಲ್ಲಿ ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲು ಉದ್ದವಾಗಿ, ಕೊನೆಗೊಂದು ಗುರು ಸೇರಿ ಇಪ್ಪತ್ತಮೂರು. ಮಕ್ಕಳು ಕರಿಹಲಗೆ ನೋಡಿಕೊಂಡು ಪ್ರಸ್ತಾರ ಹಾಕುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ಅದೇ ಪದ್ಯವನ್ನು ಗಮಕಿಯೊಬ್ಬರು ವಾಚಿಸಿದ್ದನ್ನು ಕೇಳಿಸಿ. ಗಣಕ್ಕೆ ಸರಿಯಾಗಿ ಪದವನ್ನು ತುಂಡರಿಸದೆ, ಅರ್ಥಕ್ಕೆ ತಕ್ಕಂತೆ ಬಿಡಿಸಿ, ಯುದ್ಧಕ್ಕೊಂದು ರಾಗ, ಶೋಕಕ್ಕೊಂದು ರಾಗ ಹಿಡಿದು ಅವರು ಹೇಳುವಾಗ ಆ ಉದ್ದದ ಸಾಲು ಯಾಕೆ ಉದ್ದ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ತುಂಗೆಯ ಆಚೆ ಈಚೆ ದಡದಲ್ಲಿರುವ ಮತ್ತೂರು–ಹೊಸಹಳ್ಳಿಗಳು ಈ ಕಲೆಯನ್ನು ಕಾಪಾಡಿಕೊಂಡು ಬಂದ ಊರುಗಳು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರ ವಾಚನ ಯೂಟ್ಯೂಬ್‌ನಲ್ಲಿ ಕೇಳಸಿಗುತ್ತದೆ. ಷಟ್ಪದಿ ಪಾಠ ಮಾಡುವ ಅಧ್ಯಾಪಕರು ಮೊದಲು ಅದನ್ನು ಕೇಳಿಸಲಿ, ಪ್ರಸ್ತಾರವನ್ನು ಆಮೇಲೆ ಹಾಕಿಸಲಿ.

ಬೇಂದ್ರೆಯವರು ತಾವೇ ಕವಿತೆ ಹೇಳುವುದೂ ಅಲ್ಲಿದೆ. ಧಾರವಾಡದ ಮಾತಿನ ಏರಿಳಿತ ಆ ದನಿಯಲ್ಲಿ ಹೇಗೆ ಛಂದಸ್ಸಾಗುತ್ತದೆ ಎಂಬುದನ್ನು ಬೆಂಗಳೂರಿನ ಹುಡುಗಿಯೊಬ್ಬಳಿಗೆ ಯಾವ ಟಿಪ್ಪಣಿಯೂ ಕಲಿಸಲಾರದು. ಆದರೆ ಇಂಥವು ಎಲ್ಲೆಲ್ಲೋ ಚೆದುರಿವೆ. ಯಾವ ವರ್ಷದ ಮುದ್ರಣ, ಎಲ್ಲಿ ಆದದ್ದು, ಯಾವ ಸಂಕಲನದ ಕವಿತೆ ಎಂಬ ವಿವರ ಅನೇಕ ಕಡೆ ಇರುವುದಿಲ್ಲ. ಭಾವಗೀತೆಗಳ ವಿಷಯದಲ್ಲಿ ಇದು ನೋವುಂಟುಮಾಡುವಷ್ಟಿದೆ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅವರಿಂದಾಗಿ ಕವಿತೆ ಮನೆಮನೆಗೆ ಹೋಯಿತು. ಈಗಿನ ಅಪ್‌ಲೋಡುಗಳಲ್ಲಿ ಗಾಯಕರ ಹೆಸರಿರುತ್ತದೆ, ಎಷ್ಟೋ ಸಲ ಕವಿಯದೇ ಇರುವುದಿಲ್ಲ. ಹಾಡಿಗಾಗಿ ಬಿಟ್ಟ ಚರಣಗಳೂ ಇರುತ್ತವೆ. ಹಾಡನ್ನೇ ಪೂರ್ತಿ ಕವಿತೆ ಎಂದುಕೊಂಡ ತಲೆಮಾರು ಬೆಳೆಯುತ್ತಿದೆ. ಪುಟದ ಎಡಕ್ಕೆ ಪಠ್ಯ, ಬಲಕ್ಕೆ ಕವಿಯ ದನಿ, ಕೆಳಗೆ ಗಾಯನ, ದಿನಾಂಕ, ಪುಸ್ತಕದ ಹೆಸರು. ಇಷ್ಟಿರುವ ಒಂದು ತಾಣ ಕನ್ನಡಕ್ಕೆ ಬೇಕು. ‘ಆಕಾಶವಾಣಿ’ ಎಂಬ ಹೆಸರು 1935ರಲ್ಲಿ ಹುಟ್ಟಿದ್ದೇ ಮೈಸೂರಿನಲ್ಲಿ. ಆ ಬಾನುಲಿಯ ಕಪಾಟುಗಳಲ್ಲಿರುವ ಕವಿಗಳ ದನಿ ಶಾಲೆಗಳಿಗೆ ತಲುಪಬೇಕಾದದ್ದು ನ್ಯಾಯ.

ಬರೆಯಲು ಹೊರಟವರಿಗೂ ಕೆಲವು ಒಳ್ಳೆಯ ಬಾಗಿಲುಗಳಿವೆ. ಛಂದಸ್ಸಿನಲ್ಲಿ ಆಸಕ್ತಿ ಇದ್ದರೆ ಶತಾವಧಾನಿ ಆರ್. ಗಣೇಶ್ ಮತ್ತು ಅವರ ಗೆಳೆಯರ ‘ಪದ್ಯಪಾನ’ ನೋಡಬೇಕು. ಅವಧಾನದ ಅಂಗಗಳೇ ಅಲ್ಲಿ ಅಭ್ಯಾಸಗಳು. ಒಂದು ಸಾಲು ಕೊಟ್ಟು ಉಳಿದದ್ದನ್ನು ತುಂಬಿಸುವ ಸಮಸ್ಯಾಪೂರಣ, ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವ ದತ್ತಪದಿ. ಮುಕ್ತಛಂದದಲ್ಲಿ ಬರೆಯುವವರೂ ಕೆಲವು ದಿನ ಹೀಗೆ ಮಾತ್ರೆ ಎಣಿಸಿದರೆ ಅವರ ಗದ್ಯದಂಥ ಸಾಲು ಬಿಗಿಯಾಗುತ್ತದೆಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ಹೊಸ ಕವಿತೆಗಳನ್ನು ಓದಲು ‘ಕೆಂಡಸಂಪಿಗೆ’, ‘ಅವಧಿ’, ‘ಋತುಮಾನ’ ಇವೆ.

ಎಲ್ಲ ಕವಿಗಳೂ ಜಾಲದಲ್ಲಿ ಪೂರ್ತಿ ಯಾಕಿಲ್ಲ ಎಂದು ಕೇಳುವವರಿಗೆ ಉತ್ತರ ಕಾನೂನಿನಲ್ಲಿದೆ. ನಮ್ಮಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕಾವ್ಯಕ್ಕೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. 1946ರಲ್ಲಿ ಹೋದ ಬಿ.ಎಂ.ಶ್ರೀ ಎಂದೋ ಎಲ್ಲರ ಸ್ವತ್ತಾದರು. 1963ರಲ್ಲಿ ತೀರಿಕೊಂಡ ಮಂಜೇಶ್ವರದ ಗೋವಿಂದ ಪೈ 2024ರ ಜನವರಿ 1ರಂದು ಆ ಸಾಲಿಗೆ ಸೇರಿದರು. ಆದಿಪ್ರಾಸದ ಕಟ್ಟು ಬಿಟ್ಟು ಬರೆದು ಹೊಸಗನ್ನಡ ಕವಿತೆಗೆ ದಾರಿ ಬಿಡಿಸಿದ ಆ ಹಿರಿಯರನ್ನು ಈಗ ಯಾರ ಅಪ್ಪಣೆಯೂ ಇಲ್ಲದೆ ಜಾಲಕ್ಕೆ ತರಬಹುದು.

ತರಲು ಬೇಕಾದದ್ದು ಕನ್ನಡ ಓದಬಲ್ಲ ಕಣ್ಣು, ದಿನಕ್ಕೆ ಅರ್ಧ ಗಂಟೆ. ಕನ್ನಡ ವಿಕಿಸೋರ್ಸ್‌ನಲ್ಲಿ ಒಂದು ಪಕ್ಕದಲ್ಲಿ ಹಳೆಯ ಪುಸ್ತಕದ ಪುಟದ ಚಿತ್ರ, ಇನ್ನೊಂದು ಪಕ್ಕದಲ್ಲಿ ಯಂತ್ರ ಓದಿ ಕೊಟ್ಟ ಪಠ್ಯ ಇರುತ್ತದೆ. ಒತ್ತಕ್ಷರದಲ್ಲೂ ಅರ್ಕಾವತ್ತಿನಲ್ಲೂ ಯಂತ್ರ ಎಡವುತ್ತದೆ, ಪದ್ಯದ ಸಾಲುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತದೆ. ತಿದ್ದದ ಪುಟಕ್ಕೆ ಕೆಂಪು ಗುರುತು. ಒಬ್ಬರು ತಿದ್ದಿದರೆ ಹಳದಿ. ಬೇರೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ನಿವೃತ್ತ ಕನ್ನಡ ಅಧ್ಯಾಪಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಒಬ್ಬೊಬ್ಬರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡರೆ ಹಳದಿ ಮಾಡಲು ಒಬ್ಬರು, ಹಸಿರು ಮಾಡಲು ಇನ್ನೊಬ್ಬರು ಸಿಕ್ಕಂತಾಗುತ್ತದೆ.