ನಾನಿಯ ನೀಲಿ ಬಾಟಲಿ ಮತ್ತು ನಮ್ಮ ಗಂಧದೆಣ್ಣೆ

ಸಂಡೂರಿನಲ್ಲಿರುವ ನಮ್ಮ ನಾನಿಯ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಕಳೆದ ಬೇಸಿಗೆ ರಜೆಯಲ್ಲಿ ಅದರ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಹಳೆಯ ಸೀರೆಯ ಮಡಿಕೆಯೊಳಗೆ ಬೆರಳುದ್ದದ ಕಡುನೀಲಿ ಬಾಟಲಿಯೊಂದು ಸಿಕ್ಕಿತು. ಸವೆದ ಲೇಬಲ್ ಮೇಲೆ ‘ಈವ್ನಿಂಗ್ ಇನ್ ಪ್ಯಾರಿಸ್’ ಎಂದು ಓದಬಹುದಿತ್ತು. ಮದುವೆಯಾದ ವರ್ಷ ನಾನಾ ಬಳ್ಳಾರಿಯಿಂದ ತಂದದ್ದಂತೆ. ತಳದಲ್ಲಿ ಇನ್ನೂ ಒಂದಿಷ್ಟು ಸೆಂಟು ಉಳಿದಿತ್ತು. ನಾನಿ ಮುಚ್ಚಳ ತೆಗೆದು ಮೂಸಿ, ಏನೂ ಮಾತಾಡದೆ ನನ್ನ ಕೈಗೆ ಕೊಟ್ಟರು.

ನಮ್ಮ ಮನೆಯಲ್ಲಿ ಸುಗಂಧ ಎಂದರೆ ಅತ್ತರ್. ಶುಕ್ರವಾರ ಅಬ್ಬು ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡೇ ನಮಾಜಿಗೆ ಹೋಗುವುದು. ಸ್ಪಿರಿಟ್ ಇರುವ ಸೆಂಟನ್ನು ನಮ್ಮ ಹಿರಿಯರು ಹೆಚ್ಚು ಬಳಸುವುದಿಲ್ಲ. ಹಾಗಾಗಿ ಈ ಫ್ರೆಂಚ್ ಬಾಟಲಿ ನಮ್ಮ ಟ್ರಂಕಿಗೆ ಹೇಗೆ ಬಂತು ಎಂದು ಹುಡುಕುತ್ತಾ ಹೋದೆ.

ಇದು ‘ಬೂರ್ಜ್ವಾ’ ಎಂಬ ಪ್ಯಾರಿಸ್ ಕಂಪನಿಯ ಸೆಂಟು. 1928ರಲ್ಲಿ ‘ಸ್ವಾರ್ ದ ಪಾರಿ’ ಎಂಬ ಹೆಸರಿನಲ್ಲಿ ಬಂತು. ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಅದೇ ‘ಈವ್ನಿಂಗ್ ಇನ್ ಪ್ಯಾರಿಸ್’ ಆಯಿತು. ಶ್ರೀಮಂತರಿಗೆ ಮಾತ್ರವಲ್ಲ, ಸಾಮಾನ್ಯರ ಕೈಗೂ ಎಟುಕಲಿ ಎಂದು ಸಣ್ಣ ಬಾಟಲಿಗಳಲ್ಲೂ ಮಾರುತ್ತಿದ್ದರು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಮದುವೆಯ ಉಡುಗೊರೆ ಎಂದರೆ ಇದೇ. (1967ರಲ್ಲಿ ಶಮ್ಮಿ ಕಪೂರ್ ಸಿನಿಮಾಕ್ಕೂ ಇದೇ ಹೆಸರು. ನಾನಿಗೆ ಸೆಂಟಿಗಿಂತ ಆ ಸಿನಿಮಾದ ನೆನಪೇ ಜಾಸ್ತಿ.) ಇದನ್ನು ತಯಾರಿಸಿದವನು ಅರ್ನೆಸ್ಟ್ ಬೋ. 1921ರಲ್ಲಿ ‘ಶನೆಲ್ ನಂಬರ್ 5’ ಮಾಡಿದವನೂ ಅವನೇ. ಅಂದರೆ ಜಗತ್ತಿನ ಅತಿ ಹೆಸರುವಾಸಿ ಸೆಂಟು ಮಾಡಿದ ಕೈ ಮಾಡಿದ್ದೇ ನಮ್ಮ ನಾನಿಯ ಟ್ರಂಕಿನಲ್ಲೂ ಇತ್ತು!

ಹಳೆಯ ಫ್ರೆಂಚ್ ಸೆಂಟುಗಳನ್ನು ಸಂಗ್ರಹಿಸುವವರಲ್ಲಿ ಎರಡು ಬಗೆ. ಒಬ್ಬರಿಗೆ ಬಾಟಲಿ ಮುಖ್ಯ. ಗಾಜಿನ ಕಲಾವಿದ ರೆನೆ ಲಾಲಿಕ್ ‘ಕೋಟಿ’ ಕಂಪನಿಗಾಗಿ ಮಾಡಿದ ಬಾಟಲಿಗಳು ಖಾಲಿಯಾಗಿದ್ದರೂ ದೊಡ್ಡ ಬೆಲೆಗೆ ಹೋಗುತ್ತವೆ. ಇನ್ನೊಬ್ಬರಿಗೆ ಒಳಗಿನ ದ್ರವವೇ ಬೇಕು. ಅದೇ ಹೆಸರಿನ ಹೊಸ ಬಾಟಲಿ ಅಂಗಡಿಯಲ್ಲಿ ಸಿಗುವಾಗ ಹಳೆಯದೇಕೆ ಎಂದು ನಾನೂ ಕೇಳಿಕೊಂಡೆ. ಹೆಸರು ಅದೇ ಇದ್ದರೂ ಒಳಗಿನ ಮಾಲು ಬದಲಾಗಿದೆ. ಹಿಂದೆ ಕಸ್ತೂರಿ ಮೃಗದ ಕಸ್ತೂರಿಯನ್ನೇ ಹಾಕುತ್ತಿದ್ದರು. ಪ್ರಾಣಿ ಉಳಿಯಬೇಕೆಂದು ಅದು ನಿಂತಿತು. ಓಕ್ ಮರದ ಮೇಲೆ ಬೆಳೆಯುವ ಪಾಚಿಯಂಥ ಒಂದು ಸಾಮಗ್ರಿಯಿಂದ ಕೆಲವರ ಚರ್ಮಕ್ಕೆ ಅಲರ್ಜಿಯಾಗುತ್ತದೆಂದು ಅದಕ್ಕೂ ಮಿತಿ ಹಾಕಿದರು. ಮೂರನೆಯದು ಶ್ರೀಗಂಧ. ಇಲ್ಲಿಂದ ಕಥೆ ನಮ್ಮ ರಾಜ್ಯಕ್ಕೆ ಬರುತ್ತದೆ.

ಮೈಸೂರು ಸೀಮೆಯ ಗಂಧದೆಣ್ಣೆಗೆ ಫ್ರಾನ್ಸಿನಲ್ಲಿ ಭಾರಿ ಬೇಡಿಕೆ ಇತ್ತು. ಅದರ ಪರಿಮಳ ಬೇಗ ಹಾರುವುದಿಲ್ಲ, ಜೊತೆಗಿರುವ ಹೂವಿನ ವಾಸನೆಯನ್ನೂ ಹಿಡಿದಿಡುತ್ತದೆ. ಅರ್ನೆಸ್ಟ್ ಬೋ 1926ರಲ್ಲಿ ಶನೆಲ್‌ಗೆ ಮಾಡಿದ ‘ಬ್ವಾ ದೆ ಜೀಲ್’ ಎಂಬ ಸೆಂಟಿನ ಜೀವಾಳವೇ ಗಂಧ. 1989ರಲ್ಲಿ ಗೆರ್ಲೆನ್ ಕಂಪನಿ ತಂದ ‘ಸಂಸಾರ’ದಲ್ಲೂ ಮೈಸೂರಿನ ಎಣ್ಣೆ ಧಾರಾಳವಾಗಿತ್ತು. ಸಂಗ್ರಹಕಾರರು ಆ ಮೊದಲ ವರ್ಷಗಳ ಬಾಟಲಿಯನ್ನೇ ಹುಡುಕುವುದು ಅದಕ್ಕೆ.

ಮೊದಲು ನಮ್ಮವರು ಎಣ್ಣೆ ಮಾರುತ್ತಿರಲಿಲ್ಲ, ಮರವನ್ನೇ ಮಾರುತ್ತಿದ್ದರು. ಕೊರಡುಗಳು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಬಂದು ಆ ವ್ಯಾಪಾರ ನಿಂತಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ನಾವೇ ಎಣ್ಣೆ ತೆಗೆಯೋಣ ಎಂದು 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿತು. ಆಮೇಲೆ ಮೈಸೂರಿನಲ್ಲೂ ಶುರುವಾಯಿತು. ಕಚ್ಚಾಮಾಲು ಮಾರುವುದಕ್ಕೂ ಸಿದ್ಧವಸ್ತು ಮಾರುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಠ್ಯದಲ್ಲಿಲ್ಲ.

ಆದರೆ ಮರದ ಕಥೆ ಬೇರೆಯಾಯಿತು. 1792ರಲ್ಲಿ ಟಿಪ್ಪು ಸುಲ್ತಾನರು ಶ್ರೀಗಂಧವನ್ನು ರಾಜವೃಕ್ಷ ಎಂದು ಘೋಷಿಸಿದರು. ನಂತರ ಬಂದವರೂ ಅದನ್ನೇ ಮುಂದುವರಿಸಿದರು. ರೈತನ ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ. ತನ್ನದಲ್ಲದ ಮರವನ್ನು ಯಾರು ಕಾಯುತ್ತಾರೆ? ನೆಟ್ಟವರಿಲ್ಲ, ಕದ್ದವರೇ ಜಾಸ್ತಿ. 2001ರಲ್ಲಿ ಕಾನೂನು ತಿದ್ದಿ ಜಮೀನಿನವನಿಗೆ ಹಕ್ಕು ಕೊಟ್ಟರು, ಆದರೆ ಒಳ್ಳೆಯ ತಿರುಳು ಬರಲು ಹತ್ತಾರು ವರ್ಷ ಬೇಕು. ಅಷ್ಟರಲ್ಲಿ ಇದೇ ಜಾತಿಯ ಮರವನ್ನು ಆಸ್ಟ್ರೇಲಿಯಾದವರು ತೋಟ ಮಾಡಿ ಬೆಳೆಸಿ ಎಣ್ಣೆ ಮಾರುತ್ತಿದ್ದಾರೆ. ಕಾಡನ್ನು ಕಾಯಲೆಂದು ಮಾಡಿದ ನಿಯಮವೇ ಮರಕ್ಕೆ ಮುಳುವಾಯಿತು ಎಂಬುದು ನನ್ನ ಅಭಿಪ್ರಾಯ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ.

ಅತ್ತರಿಗೂ ಇದೇ ಗತಿ. ಕನೌಜಿನ ಹಳೆಯ ಪದ್ಧತಿಯಲ್ಲಿ ಗುಲಾಬಿಯ ಆವಿಯನ್ನು ಗಂಧದೆಣ್ಣೆಯೊಳಗೇ ಇಳಿಸುತ್ತಾರೆ. ಗಂಧ ದುಬಾರಿಯಾದ ಮೇಲೆ ಅಗ್ಗದ ಅತ್ತರುಗಳಲ್ಲಿ ಪ್ಯಾರಾಫಿನ್ ಎಣ್ಣೆ ಬಂತು. ಕಂಪ್ಲಿಯಲ್ಲಿರುವ ನಮ್ಮ ಮಾಮು ಅಂಗೈಗೆ ಎರಡು ಹನಿ ತಿಕ್ಕಿ, ಸಂಜೆಯವರೆಗೂ ವಾಸನೆ ಇದ್ದರೆ ಮಾತ್ರ ದುಡ್ಡು ಕೊಡುತ್ತಾರೆ.

ಇದನ್ನೆಲ್ಲ ಓದುವಾಗ ನಮ್ಮೂರಿನ ಪಕ್ಕದ ಹಂಪಿಯೂ ಸಿಕ್ಕಿತು. 1443ರಲ್ಲಿ ಹೇರಾತಿನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್, ಇಲ್ಲಿನ ಜನರಿಗೆ ಗುಲಾಬಿ ಊಟದಷ್ಟೇ ಅಗತ್ಯ ಎಂಬಂತೆ ಬರೆದಿದ್ದಾನೆ. ಇವತ್ತು ಆ ಬಜಾರಿನ ಕಲ್ಲುಕಂಬಗಳ ನಡುವೆ ನಿಂತರೆ ಬಿಸಿಲಿನ ವಾಸನೆ ಮಾತ್ರ.

ಬಿಸಿಲು ಎಂದಾಗ ನನ್ನ ತಪ್ಪನ್ನೂ ಹೇಳಬೇಕು. ನೀಲಿ ಗಾಜಿನ ಮೂಲಕ ಬೆಳಕು ಬಂದರೆ ಚೆಂದ ಕಾಣುತ್ತದೆ ಎಂದು ಬಾಟಲಿಯನ್ನು ಹೊಸಪೇಟೆಗೆ ತಂದು ಕಿಟಕಿಯಲ್ಲಿಟ್ಟೆ. ಏಪ್ರಿಲ್ ತಿಂಗಳು, ಎರಡು ವಾರ. ಸೆಂಟಿಗೆ ಮೂರು ಶತ್ರುಗಳು: ಬೆಳಕು, ಶಾಖ, ಗಾಳಿ. ಮೊದಲು ಮೂಗಿಗೆ ಬರುವ ನಿಂಬೆ, ಕಿತ್ತಳೆಯಂಥ ವಾಸನೆ ಮೊದಲು ಕೆಡುತ್ತದೆ. ನಡುವಿನ ಹೂವಿನ ವಾಸನೆ ಆಮೇಲೆ. ಅಡಿಯಲ್ಲಿರುವ ಮರ, ಅಂಟಿನ ವಾಸನೆ ಕೊನೆಯವರೆಗೂ ಉಳಿಯುತ್ತದೆ. ಫ್ರಾನ್ಸಿನ ವರ್ಸೇಯಲ್ಲಿ 1990ರಲ್ಲಿ ಶುರುವಾದ ‘ಒಸ್ಮೊತೆಕ್’ ಎಂಬ ಸುಗಂಧ ಸಂಗ್ರಹಾಲಯವಿದೆ. ಅಲ್ಲಿ ಹಳೆಯ ಸೆಂಟುಗಳನ್ನು ಕತ್ತಲಲ್ಲಿ, 12 ಡಿಗ್ರಿಯಲ್ಲಿ, ಬಾಟಲಿಯೊಳಗಿನ ಗಾಳಿ ತೆಗೆದು ಆರ್ಗಾನ್ ಅನಿಲ ತುಂಬಿ ಇಡುತ್ತಾರೆ. ನಾನು ಇಟ್ಟದ್ದು 40 ಡಿಗ್ರಿ ಬಿಸಿಲಿನಲ್ಲಿ. ನಾನಿಯ ಟ್ರಂಕಿಗೇ ನನಗಿಂತ ಹೆಚ್ಚು ತಿಳಿದಿತ್ತು.

ಈದ್‌ಗೆ ಸಂಡೂರಿಗೆ ಹೋದಾಗ ನಾನಿಗೆ ಎಲ್ಲ ಹೇಳಿದೆ. ಅವರು ಮೂಸಿ ನೋಡಿ, “ಯೇ ವೋ ನೈ, ಬೇಟಾ” ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಾಟಲಿ ಕೇಳಿದರು. ಒಂದು ಹನಿಯನ್ನು ದುಪಟ್ಟಾದ ಅಂಚಿಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಮೂಸಿದರು. ಆಗ ಮಾತ್ರ ತಲೆಯಾಡಿಸಿದರು.

ಈಗ ಅದು ಮತ್ತೆ ಟ್ರಂಕಿನಲ್ಲಿ, ಅದೇ ಸೀರೆಯೊಳಗಿದೆ. ನಿಮ್ಮ ಮನೆಯಲ್ಲೂ ಇಂಥ ಬಾಟಲಿ ಇದ್ದರೆ ತೊಳೆಯಬೇಡಿ, ಲೇಬಲ್ ಕೀಳಬೇಡಿ, ಡಬ್ಬಿ ಇದ್ದರೆ ಎಸೆಯಬೇಡಿ. ಯಾವ ಕಾಲದ್ದು ಎಂದು ಗುರುತಿಸಲು ಡಬ್ಬಿಯೇ ಸಹಾಯ ಮಾಡುತ್ತದೆ. ಬಾರ್‌ಕೋಡ್ ಇಲ್ಲ, ಸಾಮಗ್ರಿಗಳ ಪಟ್ಟಿಯೂ ಇಲ್ಲ ಎಂದರೆ ಹಳೆಯದಾಗಿರುವ ಸಾಧ್ಯತೆ ಹೆಚ್ಚು. ಕಾಮರ್ಸ್ ವಿಭಾಗದ ನೋಟಿಸ್ ಬೋರ್ಡಿನ ಹತ್ತಿರ ನನ್ನನ್ನು ಕೇಳಿ. ಬಾಟಲಿ ತರಬೇಡಿ, ಫೋಟೋ ಸಾಕು.