ಹನ್ನೆರಡಡಿ ಕೋಣೆಯಲ್ಲಿ ಇಪ್ಪತ್ನಾಲ್ಕಡಿ ಅಲೆ

ಮುಂಬೈಯ ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ನಮ್ಮ ಭಾವನ ಮನೆ. ಹಾಲ್ ಅಂದರೆ ಹತ್ತಡಿಗೆ ಹನ್ನೆರಡಡಿ. ಅದರಲ್ಲೇ ಸೋಫಾ ಕಮ್ ಬೆಡ್, ಉಕ್ಕಿನ ಕಪಾಟು, ದೇವರ ಮಂಟಪ, ಗೋಡೆಯಗಲದ ಟಿವಿ. ಕಳೆದ ದೀಪಾವಳಿಗೆ ಭಾವ ಲ್ಯಾಮಿಂಗ್ಟನ್ ರೋಡಿಗೆ ಹೋಗಿ 5.1 ಹೋಮ್ ಥಿಯೇಟರ್, ಅಂದರೆ ಐದು ಸ್ಪೀಕರು ಮತ್ತು ದಪ್ಪ ಸ್ವರಕ್ಕೊಂದು ಸಬ್‌ವೂಫರ್, ತಂದರು. ಹಿಂದಿನ ಎರಡು ಸ್ಪೀಕರುಗಳಲ್ಲಿ ಒಂದು ಕಪಾಟಿನ ತಲೆಗೇರಿತು, ಇನ್ನೊಂದು ಅಡುಗೆಮನೆ ಬಾಗಿಲ ಮೇಲೆ ನೇತಾಡಿತು. ಸಬ್‌ವೂಫರಿಗೆ ಸಿಕ್ಕಿದ್ದು ಸೋಫಾದ ಪಕ್ಕದ ಮೂಲೆ. ಬಿಲ್ಲವ ಭವನದಲ್ಲಿ ನಡೆದ ಯಕ್ಷಗಾನದ ಆಟವೊಂದರ ರೆಕಾರ್ಡಿಂಗ್ ಹಾಕಿದರೆ ಭಾಗವತರು ಬಾವಿಯೊಳಗಿಂದ ಹಾಡಿದಂತೆ. ಮದ್ದಳೆಯ ಒಂದೊಂದು ಪೆಟ್ಟೂ ಗುಂಯ್ ಎಂದು ಬಾಲ ಬಿಡುತ್ತಿತ್ತು. "ಎಂಥ ಮಾರಾಯ ಇದು, ಟಿವಿಯ ಸ್ಪೀಕರೇ ವಾಸಿ ಇತ್ತು" ಎಂದು ನನಗೆ ಫೋನು.

ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ದೊಡ್ಡ ದೋಷವಿದ್ದದ್ದು ಪೆಟ್ಟಿಗೆಯೊಡನೆ ಬಿಲ್ಲಿನಲ್ಲಿ ಬಾರದ ಒಂದು ಭಾಗದಲ್ಲಿ, ಅಂದರೆ ಕೋಣೆಯಲ್ಲಿ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 47 ಹರ್ಟ್ಸ್‌ನ ದಪ್ಪ ಸ್ವರವೆಂದರೆ ಸೆಕೆಂಡಿಗೆ 47 ಅಲೆ. ಒಂದೊಂದು ಅಲೆಯ ಉದ್ದ ಸುಮಾರು ಇಪ್ಪತ್ನಾಲ್ಕು ಅಡಿ. ಹನ್ನೆರಡಡಿಯ ಕೋಣೆಗೆ ಅದರ ಅರ್ಧ ಅಳೆದಿಟ್ಟಂತೆ ಹಿಡಿಸುತ್ತದೆ. ಗೋಡೆಗೆ ಬಡಿದು ಮರಳುವ ಅಲೆ ಎದುರಿನಿಂದ ಬರುವ ಅಲೆಯ ಮೇಲೆ ಬಿದ್ದು, ಎರಡೂ ಸೇರಿ ನಿಂತಲ್ಲೇ ಉಯ್ಯಾಲೆ ಆಡುತ್ತವೆ. ಇದು ಸ್ಥಾಯಿ ಅಲೆ. ಗೋಡೆಯ ಬಳಿ ಒತ್ತಡದ ಏರಿಳಿತ ಅತಿ ಹೆಚ್ಚು, ಕೋಣೆಯ ನಟ್ಟನಡುವೆ ಸೊನ್ನೆಗೆ ಹತ್ತಿರ. ಹತ್ತಡಿಯ ಅಗಲಕ್ಕೆ ಹೀಗೆಯೇ 56 ಹರ್ಟ್ಸ್ ಸಿಕ್ಕಿಕೊಳ್ಳುತ್ತದೆ. ಮೂಲೆಯೆಂದರೆ ಎರಡು ಗೋಡೆ ಕೂಡುವ ಜಾಗ. ಅಲ್ಲಿಟ್ಟ ಸಬ್‌ವೂಫರ್ ಎಲ್ಲ ಉಯ್ಯಾಲೆಗಳನ್ನೂ ಒಮ್ಮೆಗೇ ತಳ್ಳುತ್ತದೆ. ಭಾವನ ಸೋಫಾವೋ ಗೋಡೆಗೇ ಅಂಟಿಕೊಂಡಿತ್ತು. ದುಪ್ಪಟ್ಟು ಗುಂಯ್.

ಇದಕ್ಕೊಂದು ಹಳೆಯ ಉಪಾಯವಿದೆ, ನೋಡುವವರಿಗೆ ನಗು ಬರುವಂಥದ್ದು. ಸಬ್‌ವೂಫರನ್ನು ಎತ್ತಿ ನಾವು ಕೂರುವ ಜಾಗದಲ್ಲೇ ಕೂರಿಸಿ, ದಪ್ಪ ಸ್ವರವಿರುವ ತುಣುಕೊಂದನ್ನು ತಿರುಗಿ ತಿರುಗಿ ಹಾಕಿ, ಕಿವಿಯನ್ನು ನೆಲದ ಹತ್ತಿರ ಹಿಡಿದು ಗೋಡೆಯಂಚಿನಲ್ಲಿ ಅಂಬೆಗಾಲಿಡಬೇಕು. ಅರುವತ್ತು ದಾಟಿದ ಭಾವ ಲುಂಗಿ ಕಟ್ಟಿ ಇಳಿದೇಬಿಟ್ಟರು. "ಓಲೆ ಬಿದ್ದಿತ್ತಾ?" ಎಂದು ಅಕ್ಕ ಅಡುಗೆಮನೆಯಿಂದ ಇಣುಕಿದಳು. ಮೂಲೆಯಲ್ಲಿ ಗುಡುಗು, ಮಂಟಪದ ಕೆಳಗೆ ಏನೂ ಇಲ್ಲ, ಟಿವಿಯ ಬಲಕ್ಕೆ ಮೂಲೆಯಿಂದ ಮಾರುದೂರದಲ್ಲಿ ಮದ್ದಳೆ ಮದ್ದಳೆಯಂತೆಯೇ ಕೇಳಿತು. ಸಬ್‌ವೂಫರಿನ ಜಾಗ ಅದೇ. ಕೇಳುವವನೂ ಸದ್ದು ಮಾಡುವುದೂ ಪರಸ್ಪರ ಜಾಗ ಬದಲಿಸಿಕೊಂಡರೆ ನಡುವಿನ ಅಲೆಗೆ ವ್ಯತ್ಯಾಸವಿಲ್ಲ. ಹೋಗುವ ದಾರಿಯೇ ಬರುವ ದಾರಿ.

ಸಬ್‌ವೂಫರನ್ನು ಹೀಗೆ ಬೇಕಾದಲ್ಲಿ ಇಡಲು ಸಾಧ್ಯವಾಗುವುದು ನಮ್ಮ ತಲೆ ಚಿಕ್ಕದಾಗಿರುವುದರಿಂದ. 80 ಹರ್ಟ್ಸ್‌ನ ಅಲೆ ಹದಿನಾಲ್ಕಡಿ ಉದ್ದ. ಗೇಣಿಗಿಂತ ಕಡಿಮೆ ಅಂತರದ ಎರಡು ಕಿವಿಗೂ ಅದು ಹೆಚ್ಚುಕಡಿಮೆ ಒಂದೇ ಥರ ಮುಟ್ಟುತ್ತದೆ, ದಿಕ್ಕು ತಿಳಿಯುವುದಿಲ್ಲ. ಹಾಗಾಗಿಯೇ ಆಂಪ್ಲಿಫೈಯರಿನಲ್ಲಿ ಕ್ರಾಸ್‌ಓವರ್, ಅಂದರೆ ದಪ್ಪ ಸ್ವರ ಸಬ್‌ವೂಫರಿಗೆ ತಿರುಗುವ ಗಡಿ, 80ಕ್ಕೆ ಇಡುವುದು ವಾಡಿಕೆ. ಚೆಂಡೆಯ ಚುರುಕು ಪೆಟ್ಟು ಹಾಗಲ್ಲ. ಕಣ್ಣು ಮುಚ್ಚಿದರೂ ಅದು ಎತ್ತಣಿಂದ ಬಂತೆಂದು ಕಿವಿ ಹೇಳಿಬಿಡುತ್ತದೆ.

ಮಾತು ಸ್ಪಷ್ಟವಾಗುವುದೂ ಈ ಚೂಪು ಸದ್ದಿನಿಂದ. ಸ, ಶ, ಚ ಮುಂತಾದ ಅಕ್ಷರಗಳ ಗುರುತು ಇರುವುದು ಕೆಲವು ಸಾವಿರ ಹರ್ಟ್ಸ್‌ಗಳಲ್ಲಿ, ಮತ್ತು ಆ ಸದ್ದು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಸಿನಿಮಾದ ಮಾತೆಲ್ಲ ಬಹುಪಾಲು ನಡುವಿನ ಸ್ಪೀಕರಿಗೆ ಬರುವುದು. ಭಾವ ಅದನ್ನು ಟಿವಿ ಸ್ಟ್ಯಾಂಡಿನ ಒಳಖಾನೆಗೆ ನೂಕಿ, ಮುಂದೆ ಅಲಂಕಾರಕ್ಕೆ ಕೃಷ್ಣನ ಮೂರ್ತಿ ಇಟ್ಟಿದ್ದರು. ಮೇಲಿಂದ ವಿಮಾನ ಹಾರಿದಾಗಲೆಲ್ಲ ಒಂದು ಡೈಲಾಗು ನಷ್ಟ. ಅದನ್ನು ಅಂಚಿಗೆ ಎಳೆದು, ಕೆಳಗೆ ರಬ್ಬರಿನ ತುಂಡು ಕೊಟ್ಟು, ಮುಖವನ್ನು ಕಿವಿಯ ಕಡೆ ಎತ್ತಿದೆವು. ಕೃಷ್ಣ ಮಂಟಪಕ್ಕೆ ಹೋದ.

ಇನ್ನು ವೈರು. ಎಡಗಡೆಯ ಸ್ಪೀಕರಿನ ಕೆಂಪು ವೈರು ಕಪ್ಪು ಪಿನ್ನಿಗೆ ಸೇರಿತ್ತು. ಹಾಗಾದರೆ ಒಂದು ಸ್ಪೀಕರು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ; ಇಬ್ಬರೂ ದುಡಿದು ಕೈಗೆ ಏನೂ ಹತ್ತುವುದಿಲ್ಲ. ಭಾಗವತರು ಬಾವಿಗೆ ಬಿದ್ದದ್ದು ಇಲ್ಲಿ. ಟಿವಿಯಿಂದ ಆಂಪ್ಲಿಫೈಯರಿಗೆ ಹೋಗಿದ್ದು ಕೆಂಪು-ಬಿಳಿ ಪಿನ್ನಿನ ಹಳೇ ಜೋಡಿ. ಅದರಲ್ಲಿ ಹರಿಯುವುದು ಎರಡೇ ವಾಹಿನಿ, ಐದು ಸ್ಪೀಕರಿಗೂ ಅದನ್ನೇ ಹಂಚಿ ತಿನ್ನಿಸಿದಂತಾಗಿತ್ತು. ಮೇಲಾಗಿ ಸದಾ ಒಂದು ಜುಂಯ್. ಸೆಟ್‌ಟಾಪ್ ಬಾಕ್ಸಿನಿಂದ ಕೇಬಲ್ ಕಿತ್ತರೆ ನಿಲ್ಲುತ್ತಿತ್ತು, ಸಿಕ್ಕಿಸಿದರೆ ಮತ್ತೆ ಶುರು. ಕೇಬಲ್ಲಿಗೆ ಕಟ್ಟಡದಾಚೆ ಎಲ್ಲೋ ಅರ್ಥಿಂಗು, ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಇನ್ನೊಂದು ಅರ್ಥಿಂಗು. ಎರಡರ ನಡುವಿನ ಸಣ್ಣ ವೋಲ್ಟೇಜು ಆಡಿಯೋ ವೈರಿನ ಹೊದಿಕೆಯನ್ನೇ ದಾರಿ ಮಾಡಿಕೊಂಡು ಕರೆಂಟಿನ 50 ಹರ್ಟ್ಸ್ ಹಾಡಿಸುತ್ತದೆ. ಆಪ್ಟಿಕಲ್ ಕೇಬಲ್ ಹಾಕಿದೆವು. ಅದರಲ್ಲಿ ಹೋಗುವುದು ಬರೀ ಬೆಳಕು, ಕರೆಂಟಿಗೆ ದಾರಿಯೇ ಇಲ್ಲ. ಐದೂ ವಾಹಿನಿ ಬಂತು, ಜುಂಯ್ ಹೋಯಿತು. ಹೊಸದಾಗಿ ಕೊಳ್ಳುವವರು ಟಿವಿಯ ಸದ್ದನ್ನು ಅದೇ ಎಚ್‌ಡಿಎಂಐ ಕೇಬಲಿನಲ್ಲಿ ಆಂಪ್ಲಿಫೈಯರಿಗೆ ಮರಳಿಸುವ ಎಆರ್‌ಸಿ ಇರುವುದನ್ನೇ ಕೊಳ್ಳಲಿ. 2009ರಿಂದ ಬಂದಿರುವ ಈ ಸೌಕರ್ಯದಲ್ಲಿ ಒಂದೇ ರಿಮೋಟು ಸಾಕು, ತಲೆಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ ಕೂಡ ಬರುತ್ತದೆ. ಆಪ್ಟಿಕಲ್‌ನಲ್ಲಿ ಅದು ಬರದು.

ಬೇಡದ ಸದ್ದನ್ನು ಓಡಿಸುವ ಕಸುಬಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಆ ಡಾಲ್ಬಿ ಹೆಸರಿನ ಒಡೆಯ ರೇ ಡಾಲ್ಬಿ 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರನಾಗಿ ಭಾರತದಲ್ಲಿದ್ದ. ಇಲ್ಲಿಂದ ಹೋಗಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ತೆರೆದ. ಮೊದಲು ಮಾಡಿದ್ದು ಟೇಪಿನ ಹಿಸ್ ಸದ್ದು ತಗ್ಗಿಸುವ ಯಂತ್ರ.

ವಾಟಿನ ವಿಷಯ ಎರಡೇ ಮಾತು. ಕ್ಷಣಮಾತ್ರದ ಗರಿಷ್ಠವಾದ ಪಿಎಂಪಿಒ ಎಂದು ಸಾವಿರಗಟ್ಟಲೆ ಬರೆದಿದ್ದರೆ ಓದದೆ ಮುಂದೆ ಹೋಗಿ, ನಿರಂತರ ಸಿಗುವ ಆರ್‌ಎಂಎಸ್ ವಾಟು ಕೇಳಿ. ವಾಟು ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಬೇಕಾದರೆ ಹತ್ತರಷ್ಟು ವಾಟು ಬೇಕು. ಅಷ್ಟು ಸದ್ದನ್ನು ಕೆಳಗಿನ ಮನೆಯವರೂ ಕೇಳಬೇಕಾಗುತ್ತದೆ. ದಪ್ಪ ಸ್ವರಕ್ಕೆ ಗೋಡೆಯ ಹಂಗಿಲ್ಲ.

ಕೊನೆಗೆ ಹಿಂದಿನ ಎರಡು ಸ್ಪೀಕರುಗಳನ್ನು ಇಳಿಸಿದೆವು. ಸೋಫಾದ ಹಿಂದೆ ಜಾಗವೇ ಇಲ್ಲದ ಮನೆಯಲ್ಲಿ ಅವಕ್ಕೇನು ಕೆಲಸ? ಭಾವನ ಆಟದ ರೆಕಾರ್ಡಿಂಗಿನಲ್ಲಿ ಇರುವುದೂ ಎರಡೇ ವಾಹಿನಿ. ಮುಂದಿನ ಎರಡು, ನಡುವಿನ ಒಂದು, ಸಬ್‌ವೂಫರ್ ಇಷ್ಟರಲ್ಲೇ ಭಾಗವತರು ಎದುರಿಗೆ ಬಂದು ಕೂತರು. ಕಾಸು ದಂಡವಾಯಿತೆಂದು ಭಾವನಿಗೆ ಬೇಸರ. "ಇರಲಿ, ಊರಿನ ಚಾವಡಿಗೆ ಆಗ್ತದೆ" ಎಂದು ಅವೆರಡನ್ನೂ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿದರು. ಚಾವಡಿ ಎಷ್ಟು ಅಡಿ ಎಂದು ಕೇಳಿದೆ. ಅಳೆದಿಲ್ಲವಂತೆ.